ಆ ಹುಡುಗಿಗೆ ಮುಟ್ಟಿಸದ ಮಾತು

ನಾನು ಬಾಯಿಬಡುಕಿ. ಲಂಡನ್ನಿನ ಕೆಂಟನ್‌ನಲ್ಲಿ, ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕನ್ನಡದವರು ಸೇರಿದ ಕಡೆ ಮೈಕು ಹಿಡಿಯುವವಳು ನಾನೇ, ಯಾರಿಗಾದರೂ ಜಿಪಿ ಡಾಕ್ಟರ ಮುಂದೆ ಇಂಗ್ಲಿಷಿನಲ್ಲಿ ಹೇಳಬೇಕಾದರೆ ಕರೆಯುವುದೂ ನನ್ನನ್ನೇ. ಹಾಗಾಗಿ ಒಂದು ಮಹಿಳಾ ಕ್ಲಿನಿಕ್ಕಿನವರಿಗೆ ಕನ್ನಡ ದುಭಾಷಿ ಬೇಕೆಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಅವರು ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು: ಎರಡೂ ಕಡೆಯ ಮಾತನ್ನು ಇದ್ದ ಹಾಗೆ ಹೇಳಬೇಕು, ಸೇರಿಸಬಾರದು, ಬಿಡಬಾರದು. ಅದೇನು ಮಹಾ ಅಂದುಕೊಂಡು ಗೀಚಿದೆ.

ಬಂದವಳು ಧಾರವಾಡದ ಕಡೆಯ ಹುಡುಗಿ. ಮದುವೆಯಾಗಿ ಒಂದು ವರ್ಷ, ಎಜ್‌ವೇರ್‌ನಲ್ಲಿ ಫ್ಲ್ಯಾಟು, ಗಂಡ ಐಟಿಯವನು. ಫೋನಿನಲ್ಲಿ ದುಭಾಷಿ ಸಿಗುತ್ತಾರೆ ಎಂದು ಕ್ಲಿನಿಕ್ಕಿನವರು ಹೇಳಿದ್ದರಂತೆ. "ಗಂಡಸಿನ ದನಿ ಬಂತಂದ್ರ ನಾ ಸತ್ತ ಹೋಗ್ತೀನ್ರಿ ಅಕ್ಕಾರ," ಎಂದು ನನ್ನ ಕೈ ಹಿಡಿದುಕೊಂಡಳು. ಆಮೇಲೆ ನೆಲ ನೋಡುತ್ತಾ ಹೇಳಿದಳು: ಗಂಡನ ಜೊತೆ ಮಲಗಿದರೆ ವಿಪರೀತ ನೋವು, ಅವನು ಹತ್ತಿರ ಬಂದರೇ ಮೈಯೆಲ್ಲ ಮುದುಡುತ್ತದೆ, ಈಗ ಅವನು ಸೋಫಾದ ಮೇಲೆ ಮಲಗುತ್ತಾನೆ. ಹೀಗೇ ಆದರೆ ತನ್ನನ್ನು ಊರಿಗೆ ಕಳಿಸಿಬಿಡುತ್ತಾನೆ.

ಕೌನ್ಸೆಲರ್ ಬೆಳ್ಳಿಕೂದಲಿನ ಬಿಳಿಯ ಹೆಂಗಸು. ಅಡುಗೆ ಹೇಳಿಕೊಡುವವಳ ಹಾಗೆ ನಿಧಾನವಾಗಿ ಶುರುಮಾಡಿದಳು. ನೋವು ಹೆಂಡತಿಯ ಕರ್ತವ್ಯವಲ್ಲ, ನೋವಾಗಲೇಬಾರದು. ಕೆಲವು ವಾರ ಕೂಡುವುದೇ ಬೇಡ, ಬರೀ ಕೈಯಿಂದ ಮುಟ್ಟಿ, ಒಬ್ಬರಾದ ಮೇಲೆ ಒಬ್ಬರು. ಯಾವುದು ಹಿತ, ಯಾವುದು ಬೇಡ, ಬಾಯಿಬಿಟ್ಟು ಹೇಳಿ. ಒಬ್ಬರು ಸಾಕು ಅಂದರೆ ಇನ್ನೊಬ್ಬರು ನಿಲ್ಲಿಸಬೇಕು. ಮೈಯ ಯಾವ ಭಾಗ ಏನು ಮಾಡುತ್ತದೆ ಎನ್ನುವುದನ್ನೂ ಚಿತ್ರ ತೋರಿಸಿ ಬಿಡಿಸಿ ಹೇಳಿದಳು.

ಮಗಳ ವಯಸ್ಸಿನವಳ ಮುಂದೆ ಇದನ್ನೆಲ್ಲ ಕನ್ನಡದಲ್ಲಿ ಹೇಳುವುದೇ? ನಾಳೆ ಇವಳು ಯಾವುದೋ ಗೌರಿ ಪೂಜೆಯಲ್ಲಿ ಎದುರಾದರೆ? "ನೋಡಮ್ಮ," ಎಂದೆ, "ಮೊದಮೊದಲು ಎಲ್ಲರಿಗೂ ಹಾಗೇ ಆಗುತ್ತಂತೆ. ಮನಸ್ಸು ಗಟ್ಟಿ ಮಾಡ್ಕೊಂಡು ಹೊಂದಿಕೊಂಡು ಹೋಗು. ತಾನಾಗೇ ಸರಿಹೋಗುತ್ತೆ ಅಂತಿದಾರೆ."

ನನಗೆ ನನ್ನಮ್ಮ ಹೇಳಿದ್ದೂ ಇದನ್ನೇ. ಹತ್ತು ನಿಮಿಷದ ಮಾತು ಅರ್ಧ ನಿಮಿಷದಲ್ಲಿ ಮುಗಿದದ್ದು ನೋಡಿ ಕೌನ್ಸೆಲರ್ ನಕ್ಕಳು. ಕನ್ನಡ ಅಷ್ಟು ಚಿಕ್ಕ ಭಾಷೆಯೇ ಎಂದು ಕೇಳಿದಳು. ಹೌದು ಅಂದುಬಿಟ್ಟೆ, ನಾಚಿಕೆಗೆಟ್ಟವಳು!

ಆದರೆ ಆ ಮಾತುಗಳು ನನ್ನನ್ನು ಬಿಡಲಿಲ್ಲ. ನನ್ನದು ಇಪ್ಪತ್ತೊಂಬತ್ತು ವರ್ಷದ ಸಂಸಾರ. ಗೊರಕೆಯ ನೆಪ ಹೇಳಿ ನಾನು ಬೇರೆ ಕೋಣೆಗೆ ಹೋಗಿ ಆರು ವರ್ಷವಾಗಿತ್ತು. ಆ ಭಾನುವಾರ ಮಧ್ಯಾಹ್ನ ಸೌತ್‌ಹಾಲ್‌ನ ಅಂಗಡಿಯಿಂದ ತಂದ ಅವರೆಕಾಳನ್ನು ನೆನೆಹಾಕಿ ಇಬ್ಬರೂ ಹಿತಕುತ್ತಾ ಕೂತಿದ್ದೆವು. ತಲೆ ಎತ್ತದೆ ಹೇಳಿದೆ: "ರೀ, ಇಷ್ಟು ವರ್ಷ ನನಗೆ ನೋವಾಗ್ತಿತ್ತು. ಗೊತ್ತಾ?"

ಅವರ ಕೈ ನಿಂತಿತು. "ಒಂದು ದಿನವೂ ಹೇಳಲಿಲ್ವಲ್ಲೇ ನೀನು," ಎಂದರು. ಅವರ ಕಣ್ಣು ತುಂಬಿದ್ದು ನೋಡಿ ನನಗೂ ತಡೆಯಲಾಗಲಿಲ್ಲ. ಕ್ಲಿನಿಕ್ಕಿನಲ್ಲಿ ಕೇಳಿದ್ದನ್ನೆಲ್ಲ ಒಂದೂ ಬಿಡದೆ, ಕನ್ನಡದಲ್ಲೇ ಹೇಳಿದೆ. ತಿಂಗಳು ತುಂಬುವಷ್ಟರಲ್ಲಿ ನನ್ನ ದಿಂಬು ಅವರ ಕೋಣೆಗೆ ಹೋಗಿತ್ತು. ಬೆಳಿಗ್ಗೆ ಕಾಫಿ ಬೆರೆಸುತ್ತಾ ಅವರು ಗುನುಗುತ್ತಿದ್ದರು. ನನಗೂ ಈ ವಯಸ್ಸಿನಲ್ಲಿ ಎಂಥಾ ಖುಷಿ!

ಇಷ್ಟಾದರೂ ಎರಡನೇ ಸಲ ಆ ಹುಡುಗಿಯ ಪಕ್ಕ ಕೂತಾಗ ಮತ್ತೆ ಅದೇ ಅರ್ಧ ನಿಮಿಷ. ಮೊದಲ ಸಲ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಳ್ಳದೆ ಈಗ ನಿಜ ಹೇಳುವ ಹಾಗಿರಲಿಲ್ಲ. ಅವಳ ಔಷಧಿಯನ್ನು ನಾನು ಕುಡಿದು ಅವಳ ಕೈಗೆ ಖಾಲಿ ಬಾಟಲಿ ಕೊಟ್ಟಿದ್ದೆ.

ಮೂರನೇ ಸಲ ಬಂದಾಗ ಹುಡುಗಿ ಇಳಿದುಹೋಗಿದ್ದಳು. "ನೀವು ಹೇಳಿದಂಗ ಮಾಡೀನ್ರಿ ಅಕ್ಕಾರ. ಹೊಂದ್ಕೋಬೇಕಂತ ನಾನ ಅವರನ್ನ ಕರೆದು ಹಲ್ಲ ಕಚ್ಚಿ ಸುಮ್ಮನಿರ್ತೀನಿ. ಅವರಿಗೆ ಗೊತ್ತಾಗ್ತದ. 'ನನ್ನ ಕಂಡ್ರ ನಿನಗ ಆಗಂಗಿಲ್ಲ, ಊರಿಗೆ ಹೋಗು' ಅಂದಾರ. ಟಿಕೆಟ್ ತಗಿಸ್ಯಾರ."

ನನ್ನ ಮಾತು ಕೇಳಿ ಆ ಹುಡುಗಿ ಹಲ್ಲು ಕಚ್ಚಿ ಮಲಗಿದ್ದಳು. ಕುರ್ಚಿಯಲ್ಲಿ ಕೂರಲಾಗಲಿಲ್ಲ ನನಗೆ. "ಹೊಂದಿಕೊಂಡು ಹೋಗು ಅಂತ ಇವರು ಹೇಳಲೇ ಇಲ್ಲ ಕಣಮ್ಮ. ಅದು ನಾನು ಹೇಳಿದ್ದು," ಎಂದೆ. ಕೌನ್ಸೆಲರ್‌ಗೂ ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಂಡೆ. ಅವಳ ಮುಖ ಬಿಗಿಯಿತು, ಆದರೆ ಮೊದಲಿನಿಂದ ಎಲ್ಲವನ್ನೂ ಮತ್ತೆ ಹೇಳಿದಳು. ನಾನು ಒಂದೊಂದನ್ನೂ ಕನ್ನಡದಲ್ಲಿ ಹೇಳಿದೆ.

ಹುಡುಗಿ ಕೊನೆಯವರೆಗೂ ಕೇಳಿದಳು. "ಹಿಂಗ ಮಾಡಿದ್ರ ಖರೇನ ಸರಿ ಆಗ್ತದೇನ್ರಿ?"

"ಆಗುತ್ತೆ."

"ನಿಮಗ ಹೆಂಗ ಗೊತ್ತು?"

ಸುಳ್ಳು ಹೇಳಬಹುದಿತ್ತು. ತಲೆ ತಗ್ಗಿಸಿ, "ನಮ್ಮನೇಲಿ ಆಯ್ತು," ಎಂದೆ.

"ಯಾವಾಗ?"

"ನೀನೂ ನಾನೂ ಮೊದಲನೇ ಸಲ ಈ ಕ್ಲಿನಿಕ್ಕಿಗೆ ಬಂದ ಮೇಲೆ."

ಅವಳಿಗೆ ಅರ್ಥವಾಯಿತು. ನನ್ನಿಂದ ಕುರ್ಚಿಯನ್ನು ಸ್ವಲ್ಪ ದೂರಕ್ಕೆ ಎಳೆದುಕೊಂಡಳು. ಆಮೇಲೆ ಕೌನ್ಸೆಲರ್ ಮುಖ ನೋಡುತ್ತಾ ಹೇಳಿದಳು: "ಮುಂದಿನ ಸಲ ಫೋನ್‌ನಾಗಿನವರನ್ನ ಕೊಡ್ರಿ. ಗಂಡಸಾದ್ರೂ ನಡೀತದ. ಇವರು ಬ್ಯಾಡ."

ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದವಳು ನಾನೇ. ಒಂದು ಮಾತನ್ನೂ ಬಿಡದೆ ಹೇಳಿದೆ.