ಭಾವ ಕೇಳಿದ ಸಕ್ಕರೆ

1968ರ ಮಾರ್ಚ್‌ನಲ್ಲಿ ನನ್ನ ಭಾವ ವಡೋದರಾದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದಕ್ಕೆ ಮೂರು ದಿನ ಮೊದಲು ಅವರನ್ನು ಅದೇ ಊರಿನ ಗೋರ್ವಾ ಬಡಾವಣೆಯ ಮನೆಯ ಒಳಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದವನು ನಾನು.

ಭಾವ ವಿಮಾ ಕಚೇರಿಯ ನೌಕರ, ಧಾರವಾಡದಿಂದ ವರ್ಗವಾಗಿ ಬಂದವರು. ಹತ್ತಿರದ ಕೊಯಾಲಿಯ ತೈಲ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನಾನು ಅಕ್ಕನ ಮನೆಯಲ್ಲೇ ಇದ್ದೆ. ಭಾವನಿಗೆ ಸಕ್ಕರೆ ಕಾಯಿಲೆ. ವಡೋದರಾದ ವೈದ್ಯರು ಕೊಟ್ಟ ಮಾತ್ರೆ ನುಂಗುತ್ತಿದ್ದರು. ಕದ್ದು ತಿನ್ನುತ್ತಾರೆಂದು ಅಕ್ಕ ಸಕ್ಕರೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಆ ತಿಂಗಳ ಮೊದಲಲ್ಲಿ ಸೂರತ್‌ಗೆ ಹೋದಾಗ ಅವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತು. ಅಲ್ಲಿನ ವೈದ್ಯರು ರಕ್ತ ತೆಳುವಾಗಲು ಮಾತ್ರೆ ಬರೆದುಕೊಟ್ಟರು. ಬೇರೆ ಯಾವ ಮಾತ್ರೆ ನುಂಗುತ್ತೀರಿ ಎಂದು ಅವರು ಕೇಳಲಿಲ್ಲ, ಭಾವ ಹೇಳಲಿಲ್ಲ. ಮನೆಗೆ ಬಂದು ಎರಡನ್ನೂ ತಪ್ಪದೆ ನುಂಗಿದರು.

ಐದಾರು ದಿನಗಳ ನಂತರ ಮಧ್ಯಾಹ್ನ ಕಚೇರಿಯ ಇಬ್ಬರು ಅವರನ್ನು ಟಾಂಗಾದಲ್ಲಿ ತಂದು ಬಿಟ್ಟರು. ಅಂಗಿ ಬೆವರಿನಿಂದ ತೊಯ್ದಿತ್ತು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. "ಪೀಧೇಲೋ ಛೇ," ಕುಡಿದಿದ್ದಾನೆ ಎಂದು ಒಬ್ಬ ಗುಜರಾತಿಯಲ್ಲಿ ಹೇಳಿ ನಕ್ಕ. ಗುಜರಾತಿನಲ್ಲಿ ಪಾನನಿಷೇಧವಿತ್ತು. ಕುಡಿದು ಸಿಕ್ಕಿಬಿದ್ದರೆ ಪೊಲೀಸರು ಒಯ್ಯುತ್ತಿದ್ದರು, ನೌಕರಿಗೂ ಕುತ್ತು.

"ಎಲ್ಲಿ ಕುಡದು ಬಂದ್ರಿ? ಖರೇ ಹೇಳ್ರಿ," ಅಕ್ಕ ಕೇಳಿದಳು.

"ಸಕ್ರಿ ಕೊಡ... ಒಂದ್ ಚಮಚಾ ಸಕ್ರಿ," ಎಂದರು ಭಾವ.

"ಕುಡದದ್ದು ಸಾಲದ್ದಕ್ಕ ಈಗ ಸಕ್ರಿ ಬ್ಯಾರೆ ಬೇಕು ಸಾಹೇಬ್ರಿಗೆ! ತಮ್ಮಾ, ಇವರ ಬಾಯಿ ಮೂಸಿ ನೋಡು."

ಮೂಸಿದೆ. ಏನೂ ವಾಸನೆ ಇರಲಿಲ್ಲ. "ಯಾಲಕ್ಕಿ ತಿಂದು ಬಂದಿರಬೇಕು," ಎಂದೆ.

"ಒಳಗ ಹಾಕು, ಇಳೀಲಿ. ಮಂದಿ ನೋಡಿದ್ರ ಮಾನ ಹೋಗ್ತದ."

ಅಮಲು ಇಳಿಯಲೆಂದು ಅಕ್ಕ ಹುಳಿ ಮಜ್ಜಿಗೆಗೆ ಉಪ್ಪು ಹಾಕಿ ಕುಡಿಸಿದಳು. ನಾನು ಚಿಲಕ ಹಾಕಿದೆ. ಸುಮಾರು ಒಂದು ಗಂಟೆ ಬಾಗಿಲು ಬಡಿದರು. ಅವರ ಮಾತಿನಲ್ಲಿ "ಸಕ್ರಿ" ಎಂಬ ಶಬ್ದವೊಂದೇ ತಿಳಿಯುತ್ತಿತ್ತು. ಆಮೇಲೆ ಸದ್ದು ನಿಂತಿತು.

"ನಿದ್ದಿ ಹತ್ತಿತು ನೋಡು," ಎಂದಳು ಅಕ್ಕ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆಗೆದೆವು. ಎಬ್ಬಿಸಿದರೆ ಏಳಲಿಲ್ಲ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ಪ್ರಜ್ಞೆ ಮರಳಲಿಲ್ಲ. ಅವರು ಸತ್ತ ದಿನ ಅಲ್ಲಿನ ವೈದ್ಯರು ಎರಡೂ ಚೀಟಿ ನೋಡಿ, ನನ್ನನ್ನು ವರಾಂಡಕ್ಕೆ ಕರೆದು ಇಂಗ್ಲಿಷಿನಲ್ಲಿ ವಿವರಿಸಿದರು. ಸೂರತ್‌ನ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮೈಯಿಂದ ಹೊರಹೋಗಲು ಬಿಟ್ಟಿರಲಿಲ್ಲ. ಅದು ದಿನದಿನಕ್ಕೆ ಒಳಗೇ ಕೂಡಿಕೊಂಡು ರಕ್ತದ ಸಕ್ಕರೆ ತಳ ಕಂಡಿತ್ತು. ತೊದಲಿದ್ದು, ನಡುಗಿದ್ದು ಅದರಿಂದಲೇ; ಭಾವ ಕುಡಿದಿರಲಿಲ್ಲ. ಕೇಳಿದಾಗಲೇ ಸಕ್ಕರೆ ಕೊಟ್ಟು ಆಸ್ಪತ್ರೆಗೆ ತಂದಿದ್ದರೆ ಉಳಿಯುತ್ತಿದ್ದರು.

ಅಕ್ಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ಡಾಕ್ಟರ್ ಏನಂದ್ರೋ?" ಎಂದು ಕೇಳಿದಳು.

"ಕುಡದದ್ದು ಜಾಸ್ತಿ ಆಗಿತ್ತಂತ," ಎಂದೆ.

1969ರಲ್ಲಿ ಅಕ್ಕ ಅಹಮದಾಬಾದಿನ ಕನ್ನಡಿಗರ ಮನೆಯಲ್ಲಿ ಮಗಳಿಗೆ ಗಂಡು ನೋಡಿದಳು. ಜಾತಕ ಕೇಳುವುದಕ್ಕೂ ಮೊದಲು ಹುಡುಗನ ತಾಯಿಯನ್ನು ಕೇಳಿದಳು: "ನಿಮ್ಮ ಹುಡುಗ ಕುಡಿಯೂದಿಲ್ಲಲ್ರೀ? ನಮ್ಮವರು ಕುಡದು ಸತ್ರು."