ಪಾಳುಮನೆಯ ಪ್ರಾಯ ಹೇಳುವ ಡೊಂಬಯ್ಯ

ಬೆಳಕು ಸರಿಯಾಗಿ ಹರಿದಿಲ್ಲ. ಡೊಂಬಯ್ಯ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಹಾರೆ, ಪಿಕ್ಕಾಸು ಇನ್ನೂ ಹಲಸಿನ ಮರಕ್ಕೆ ಒರಗಿಕೊಂಡೇ ಇವೆ. ಶಿರ್ತಾಡಿಯಿಂದ ಒಂದು ಮೈಲಿ ಒಳಗೆ, ಮುಳ್ಳುಪೊದೆ ನುಂಗಿ ಹಾಕಿದ ಹಳೆಮನೆ ಹಿತ್ತಿಲು ಇದು. ತಲೆಯ ಮೇಲೆ ಹೆಂಚಿನ ಮಾಡು ಇಲ್ಲ, ಬಾಗಿಲಿಲ್ಲ, ಎದೆಮಟ್ಟಕ್ಕೆ ಉಳಿದ ಕೆಂಪು ಮುರಕಲ್ಲಿನ ಗೋಡೆಗಳು ಮಾತ್ರ. ಅವರು ಕಲ್ಲಿನ ಸಂದನ್ನು ಉಗುರಿನಿಂದ ಕೆರೆದು, ಉದುರಿದ ಮಣ್ಣನ್ನು ಬೆರಳಲ್ಲಿ ಹೊಸಕಿ ನೋಡುತ್ತಾರೆ.

“ಬಿಚ್ಚುವ ಮೊದಲು ಒಂದು ದಿನ ಸುಮ್ಮನೆ ನೋಡ್ಬೇಕು. ಕೆಡಹುವುದು ಯಾರಿಂದಲೂ ಆಗ್ತದೆ. ಕಟ್ಟಿದವ ಎಲ್ಲಿ ಮುಗಿಸಿದ್ದಾನೆ ಅಂತ ಗೊತ್ತಾದ್ರೆ, ಅಲ್ಲಿಂದ ನಾವು ಶುರು ಮಾಡುವುದು,” ಎನ್ನುತ್ತಾರೆ.

ಹಳೆಯ ಮನೆಗಳನ್ನು ಬಿಚ್ಚುವುದೇ ಡೊಂಬಯ್ಯನವರ ಕಸುಬು. ಪ್ರಾಯ ಐವತ್ತೆಂಟು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಇದುವರೆಗೆ ಅರವತ್ತೊಂದು ಮನೆ ಬಿಚ್ಚಿದ್ದಾರೆ. ಬಿಸಿಲೇರುವ ಮೊದಲು ನಲವತ್ತು ಕಲ್ಲು, ಇಳಿದ ಮೇಲೆ ನಲವತ್ತು. ಅದರಲ್ಲಿ ಎರಡಕ್ಕಿಂತ ಹೆಚ್ಚು ಒಡೆದರೆ ಅಂದು ರಾತ್ರಿ ಗಂಜಿ ರುಚಿಸುವುದಿಲ್ಲವಂತೆ. ಅಕ್ಷರ ಬಾರದು, ಅಂಕಿ ಬರುತ್ತದೆ. ಹೆಂಚಿನ ಬೆನ್ನಿಗೆ ಒತ್ತಿದ ಇಸವಿಯನ್ನು ಕಣ್ಣು ಮುಚ್ಚಿ ಬೆರಳಾಡಿಸಿಯೇ ಓದಬಲ್ಲರು.

ಆ ಇಸವಿಯೇ ಒಮ್ಮೆ ಅವರ ಮಾನ ಕಳೆದದ್ದೂ ಉಂಟು. ಹೊಸದಾಗಿ ಕಸುಬಿಗಿಳಿದ ಕಾಲ. ಬಂಟ್ವಾಳ ಪೇಟೆಯ ಒಂದು ಮನೆಯ ಹೆಂಚು ನೋಡಿ, “ಇದಕ್ಕೆ ಇಪ್ಪತ್ತೇ ವರ್ಷ” ಎಂದುಬಿಟ್ಟಿದ್ದರು. ಆ ಮನೆಯ ಅಜ್ಜಿ ಒಳಗಿನಿಂದಲೇ ಕೇಳಿದರಂತೆ: “ಹಾಗಾದರೆ ನಾನು ಹೆತ್ತದ್ದು ಮರದ ಅಡಿಯಲ್ಲಾ?” ಮನೆ ಮೊದಲು ಹುಲ್ಲಿನದಾಗಿತ್ತು, ಹೆಂಚು ಬಂದದ್ದು ಆಮೇಲೆ. “ಹೆಂಚೆಂದರೆ ಅಂಗಿ, ಮಾರಾಯ್ರೇ. ಅಂಗಿ ನೋಡಿ ಪ್ರಾಯ ಹೇಳಬಾರದು. ಅವತ್ತು ಕಲಿತೆ.”

ಹಳೆಮನೆ ಹಿತ್ತಿಲಿಗೆ ಅವರನ್ನು ಕರೆದದ್ದು ಊರಿನ ಶಾಲೆ. ನಿತ್ಯಾನಂದ ಶೆಟ್ಟರ ಬೈಹುಲ್ಲಿನ ಕೊಟ್ಟಿಗೆಯಲ್ಲಿ ನಾಲ್ಕು ವರ್ಷಗಳಿಂದ ನಡೆಯುತ್ತಿರುವ ಏಕೋಪಾಧ್ಯಾಯ ಶಾಲೆ ಅದು, ಮಕ್ಕಳು ನಲವತ್ತಮೂರು. ಶೆಟ್ಟರು ಕಳೆದ ವರ್ಷ ಕ್ರಯಕ್ಕೆ ಪಡೆದ ಈ ಹಿತ್ತಿಲನ್ನು ಶಾಲೆಗೆ ಬಿಟ್ಟುಕೊಟ್ಟಿದ್ದಾರೆ. ಹಳೆಯ ಗೋಡೆಯ ಕಲ್ಲಿನಿಂದಲೇ ಹೊಸ ಕಟ್ಟಡ. ಆದರೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರರು ಒಂದು ಮಾತು ಹೇಳಿ ಹೋಗಿದ್ದಾರೆ: ಜೂನ್ ಒಳಗೆ ಶಾಲೆಯ ಜಾಗದಲ್ಲಿ ಕುಡಿಯುವ ನೀರು ಇರಬೇಕು, ಇಲ್ಲವಾದರೆ ಮಕ್ಕಳು ಮೂರು ಮೈಲಿ ಆಚೆಯ ಶಾಲೆಗೆ. ಆ ದಾರಿಯಲ್ಲಿ ಹೊಳೆಯಿದೆ, ದಾಟಲು ಸಂಕವಿಲ್ಲ. “ಮಳೆಗಾಲದಲ್ಲಿ ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ. ಅಲ್ಲಿಗೆ ಅವರ ಓದು ಮುಗಿಯಿತು,” ಎನ್ನುತ್ತಾರೆ ಜಲಜಾಕ್ಷಿ ಟೀಚರ್.

ಮನೆ ಇದ್ದ ಮೇಲೆ ಬಾವಿ ಇರಲೇಬೇಕು. ಡೊಂಬಯ್ಯ ಅಡುಗೆಮನೆಯ ಹಿಂಬಾಗಿಲಿದ್ದ ಜಾಗ ಗುರುತಿಸಿ, ಅಲ್ಲಿಂದ ಹನ್ನೆರಡು ಹೆಜ್ಜೆ ಅಳೆದು, ಪೊದೆ ಕಡಿಸುತ್ತಾರೆ. ಚಪ್ಪಡಿಗಲ್ಲು ಹಾಸಿ ಮುಚ್ಚಿದ ಬಾವಿ ಅಲ್ಲಿದೆ. ಒಂದು ಚಪ್ಪಡಿ ಸರಿಸಿ ಕಲ್ಲು ಹಾಕಿದರೆ ಕೆಳಗೆ ನೀರಿನ ಸದ್ದು.

ಊರು ಸಂತೋಷಪಡುವುದಿಲ್ಲ. ಇಲ್ಲಿಯ ಒಕ್ಕಲುಗಳೆಲ್ಲ ಇಪ್ಪತ್ತೈದು ವರ್ಷಗಳಿಂದ ಈಚೆಗೆ ಬಂದವರು. ಬಂದಾಗಲೇ ಕೇಳಿದ ಕತೆಯೊಂದಿದೆ: ಮಂಗಳೂರಿಗೆ ರೈಲು ಬರುವುದಕ್ಕೂ ಮೊದಲು ಈ ಮನೆಗೆ ಸಿಡುಬು ಬಡಿಯಿತು, ಸತ್ತವರನ್ನು ಬಾವಿಗೆ ಹಾಕಿ ಉಳಿದವರು ಉಟ್ಟ ಬಟ್ಟೆಯಲ್ಲಿ ಓಡಿದರು. ಎಲ್ಲರಿಗಿಂತ ಮೊದಲು ಬಂದು ನೆಲೆಸಿದ ಸುಬ್ಬಯ್ಯಜ್ಜ ಆ ಕತೆಯನ್ನು ಮಕ್ಕಳಿಗೆಲ್ಲ ಹೇಳಿಟ್ಟಿದ್ದಾರೆ.

“ಆ ನೀರು ನನ್ನ ಮೊಮ್ಮಕ್ಕಳು ಕುಡಿಯುವುದಿಲ್ಲ,” ಎನ್ನುತ್ತಾರೆ ಅಜ್ಜ. “ಶಾಲೆ ಹೋದರೆ ಹೋಗಲಿ.”

ಬಾವಿಗೆ ಮದ್ದು ಹಾಕಿಸುತ್ತೇವೆ ಎಂದು ಟೀಚರ್ ಹೇಳಿದರೂ ಯಾರೂ ಒಪ್ಪುವುದಿಲ್ಲ. ಡೊಂಬಯ್ಯ ಎರಡು ದಿನ ಗೋಡೆಗಳ ನಡುವೆ ಬಿದ್ದ ಮಣ್ಣು ತೆಗೆಯುತ್ತಾರೆ. ಮೂರನೆಯ ದಿನ ಅಜ್ಜನನ್ನು ಕರೆತರಲು ಟೀಚರನ್ನೇ ಕಳುಹಿಸುತ್ತಾರೆ. ಜೊತೆಗೆ ಶಾಲಾ ಸಮಿತಿಯ ಧರ್ಣಪ್ಪನವರೂ ಬರುತ್ತಾರೆ.

“ಏನು ಡೊಂಬಯ್ಯ, ಕಲ್ಲಿನ ಜಾತಕ ಹೇಳ್ತೀಯಾ?”

“ಹೇಳ್ತೇನೆ ಧರ್ಣಪ್ಪಣ್ಣ. ದಕ್ಷಿಣೆ ಬೇಡ, ಸ್ವಲ್ಪ ಬಗ್ಗಿ ನೋಡಿದರೆ ಸಾಕು.”

ಬಾಗಿಲಿನ ದಾರಂದ, ಅಂದರೆ ಮರದ ಚೌಕಟ್ಟು, ಇದ್ದ ಜಾಗಕ್ಕೆ ಅವರು ಕೈ ತೋರಿಸುತ್ತಾರೆ. ದಾರಂದದಿಂದ ಚಾಚಿಕೊಂಡ ಕಿವಿಗಳು ಗೋಡೆಯೊಳಗೆ ಹುದುಗಿರುತ್ತವೆ. ಮರ ಸೀಳದಂತೆ ಬಿಡಿಸಬೇಕಾದರೆ ಅದರ ಮೇಲಿನ, ಪಕ್ಕದ ಕಲ್ಲುಗಳನ್ನು ಮೊದಲು ಬಿಡಿಸಬೇಕು. ಇದು ಅವರದೇ ಕಸುಬಿನ ಕ್ರಮ. ಇಲ್ಲಿ ಆ ಕಲ್ಲುಗಳು ಎಲ್ಲೆಂದರಲ್ಲಿ ಬಿದ್ದಿಲ್ಲ. ಪ್ರತಿ ಬಾಗಿಲ ಪಕ್ಕದ ಮೂಲೆಯಲ್ಲಿ, ಒಂದರ ಮೇಲೊಂದು ಜೋಡಿಸಿ ಇಟ್ಟಿವೆ. ಏಳು ಬಾಗಿಲು, ಏಳು ಮೂಲೆ. ಅಡುಗೆಮನೆಯ ನೆಲದಲ್ಲಿ ಹಿಟ್ಟು, ಮಸಾಲೆ ಕಡೆಯುವ ಕಲ್ಲು ಕಿತ್ತ ಗುಂಡಿ. ಅದನ್ನೂ ಮಣ್ಣು ತುಂಬಿ ಮಟ್ಟ ಮಾಡಿದ್ದಾರೆ.

“ಅಜ್ಜೇರೇ, ಸಾವಿಗೆ ಹೆದರಿ ಓಡುವವ ಏಳು ದಾರಂದ ಬಿಡಿಸ್ತಾನಾ? ಕಡೆಯುವ ಕಲ್ಲು ಹೊತ್ತುಕೊಂಡು ಓಡುವವರನ್ನು ನೀವು ನೋಡಿದ್ದುಂಟಾ?”

ಧರ್ಣಪ್ಪ ನಗುತ್ತಾರೆ. ಅಜ್ಜ ನಗುವುದಿಲ್ಲ. “ಮನೆಯವರೇ ಒಯ್ದದ್ದು ಅಂತ ಏನು ಗ್ಯಾರಂಟಿ? ಪಾಳು ಬಿದ್ದ ಮೇಲೆ ಯಾರಾದರೂ ಕದ್ದಿರಬಹುದು.”

“ಕದಿಯುವವ ಗುಂಡಿ ಮುಚ್ಚುವುದಿಲ್ಲ.”

ಆಮೇಲೆ ಡೊಂಬಯ್ಯ ಒಂದು ಮೂಲೆಯ ಕಲ್ಲುಗಳನ್ನು ಒಂದೊಂದಾಗಿ ಇಳಿಸುತ್ತಾರೆ. ಎಲ್ಲಕ್ಕಿಂತ ಅಡಿಯ ಕಲ್ಲು ಅಲುಗದಂತೆ ಅದರ ಕೆಳಗೆ ಹೆಂಚಿನ ಚೂರು ಕೊಟ್ಟಿದ್ದಾರೆ. ಚೂರನ್ನು ಪಂಚೆಯಲ್ಲಿ ಒರೆಸಿ ಟೀಚರ ಕೈಗೆ ಕೊಡುತ್ತಾರೆ. ತಾವು ಆಗಲೇ ಬೆರಳಲ್ಲಿ ಓದಿಯಾಗಿದೆ.

“ಸಾವಿರದ ಒಂಬೈನೂರ ಇಪ್ಪತ್ತಾರು,” ಟೀಚರ್ ಓದುತ್ತಾರೆ.

“ಮಾಡಿನ ಹೆಂಚಾದರೆ ನಾನು ನಂಬುತ್ತಿರಲಿಲ್ಲ. ಇದು ಕಲ್ಲಿನ ಅಡಿಯಲ್ಲಿ ಉಂಟು. ಅಂದರೆ ಕಲ್ಲು ಜೋಡಿಸಿ ಮನೆ ಬಿಟ್ಟದ್ದು ಆ ಹೆಂಚು ಬಂದ ಮೇಲೆಯೇ. ಅಷ್ಟರಲ್ಲಿ ರೈಲು ಬಂದು ಇಪ್ಪತ್ತು ವರ್ಷದ ಹತ್ತಿರ ಆಗಿತ್ತಲ್ಲ ಅಜ್ಜೇರೇ? ಸಿಡುಬು ಬಂದದ್ದು ಎಲ್ಲಿಗೋ, ಯಾವ ಮನೆಗೋ. ಇವರು ಓಡಿದವರಲ್ಲ. ಬೇರೆ ಕಡೆ ಮನೆ ಕಟ್ಟಿ, ಬಾಗಿಲು ಸಮೇತ ಹೋದವರು. ಹೋಗುವಾಗ ದನ ಬೀಳದ ಹಾಗೆ ಬಾವಿಗೂ ಚಪ್ಪಡಿ ಹಾಸಿದ್ದಾರೆ.”

ಸುಬ್ಬಯ್ಯಜ್ಜ ಏಳು ಮೂಲೆಗಳಿಗೂ ಹೋಗಿ ಬಗ್ಗಿ ನೋಡುತ್ತಾರೆ. ಕೊನೆಯ ಮೂಲೆಯಲ್ಲಿ ಬೆನ್ನು ನೆಟ್ಟಗೆ ಮಾಡಿ, “ಇಪ್ಪತ್ತೈದು ವರ್ಷ ಈ ಹಿತ್ತಿಲಿಗೆ ಸುತ್ತು ಹಾಕಿ ಪೇಟೆಗೆ ಹೋದೆ ಮಾರಾಯ,” ಎನ್ನುತ್ತಾರೆ. “ಅರ್ಧ ಮೈಲಿ ದಂಡ.”

ಬಾವಿಯ ಕೆಸರೆತ್ತಲು ಆರು ದಿನ ಹಿಡಿಯುತ್ತದೆ. ಸಿಕ್ಕಿದ್ದು ಎಲೆಕೊಳೆ, ಒಂದು ಒಡೆದ ಕೊಡ, ಕಬ್ಬಿಣದ ಒಂದು ಕೊಕ್ಕೆ. ಎಲುಬಿನ ಚೂರೂ ಇಲ್ಲ. ಮದ್ದು ಹಾಕಿ, ನೀರು ತಿಳಿಯಾದ ಮೇಲೆ ಮೊದಲ ಲೋಟ ಡೊಂಬಯ್ಯ ಕುಡಿಯುತ್ತಾರೆ. ಎರಡನೆಯದನ್ನು ಅಜ್ಜ ಕೇಳಿ ಪಡೆಯುತ್ತಾರೆ. ಮೇ ಕೊನೆಯಲ್ಲಿ ಬಂದ ಇನ್‌ಸ್ಪೆಕ್ಟರರು ಹಗ್ಗ ಇಳಿಸಿ ನೀರಿನ ಆಳ ಅಳೆದು, ಪುಸ್ತಕದಲ್ಲಿ ಬರೆದುಕೊಂಡು, ಶಾಲೆ ಇಲ್ಲಿಯೇ ಇರಲಿ ಎಂದು ಸಹಿ ಹಾಕಿದ್ದಾರೆ.

ಗೋಡೆಯ ಕಲ್ಲುಗಳನ್ನೆಲ್ಲ ಬಿಚ್ಚಿ ಜೋಡಿಸಿಟ್ಟಾಗಿದೆ. ಡೊಂಬಯ್ಯನವರಿಗೆ ಬೇರೆ ಕೆಲಸ ಕಾದಿದೆ, ಮೂಡಬಿದ್ರೆಯಲ್ಲಿ ಎರಡು ಮನೆ. ಆದರೂ ನಾಲ್ಕು ದಿನ ಹೆಚ್ಚು ನಿಂತಿದ್ದಾರೆ. ಒಂದನೇ ಕ್ಲಾಸಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಲ್ಲರಿಗಿಂತ ಉದ್ದದವನ ಎದೆಗಿಂತ ಒಂದು ಗೇಣು ಮೇಲೆ ಬರುವಂತೆ ಬಾವಿಗೆ ಕಟ್ಟೆ ಕಟ್ಟುತ್ತಿದ್ದಾರೆ. ಗಾರೆಯ ಕೆಲಸ ರೂಢಿಯಿಲ್ಲ. ಒಂದು ಕಡೆ ಕಲ್ಲು ಸ್ವಲ್ಪ ಹೊರಗೆ ಬಂದಿದೆ. ಅದನ್ನೇ ಮತ್ತೆ ಮತ್ತೆ ಅಂಗೈಯಲ್ಲಿ ಸವರುತ್ತಾರೆ.

“ನಾಳೆ ಯಾರಾದರೂ ಇದನ್ನು ಬಿಚ್ಚಲು ಬಂದರೆ ಹೇಳಿ ಟೀಚರೇ,” ಎನ್ನುತ್ತಾರೆ. “ಈ ಮನೆಯೂ ಸೇರಿ ಅರವತ್ತೆರಡು ಮನೆ ಬಿಚ್ಚಿದವ ಕಟ್ಟಿದ್ದು ಇದೊಂದೇ. ಕಲ್ಲು ಒಡೆಯದೆ ಬಿಚ್ಚಲಿ.”