ಹೀರಿಹೋದ ಸದ್ದಿನ ಲೆಕ್ಕ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಹರಪನಹಳ್ಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಜೊತೆಗೆ ಪಿಎಚ್.ಡಿ. ಕೆಲಸವೂ ನಡೆದಿತ್ತು. ಆಸ್ಪತ್ರೆಯ ಸ್ಕ್ಯಾನಿಂಗ್‌ನಲ್ಲಿ ಬಳಸುವ, ಕಿವಿಗೆ ಕೇಳದ ಸದ್ದು ದೇಹದೊಳಗೆ ಇಳಿಯುತ್ತ ಹೇಗೆ ಕ್ಷೀಣಿಸುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಬೇಕಿತ್ತು. ಸದ್ದಿನ ಕಂಪನದ ವೇಗ ಹೆಚ್ಚಿದಷ್ಟೂ ಅದು ಬೇಗ ಹೀರಿಹೋಗುತ್ತದೆ. ನೀರಿನಲ್ಲಿ ಕಂಪನ ಎರಡರಷ್ಟಾದರೆ ಹೀರಿಕೆ ನಾಲ್ಕರಷ್ಟಾಗುತ್ತದೆ. ಮಾಂಸದಲ್ಲಿ ಎರಡರಷ್ಟಕ್ಕಿಂತ ತುಸು ಹೆಚ್ಚು, ಅಷ್ಟೆ. ಆ ‘ತುಸು’ ನನ್ನನ್ನು ಎರಡು ವರ್ಷ ಕಾಡಿತು.

ನೀರಿನ ನಿಯಮ ಕಂಪ್ಯೂಟರಿಗೆ ಸಲೀಸು. ಮಾಂಸದ ನಿಯಮಕ್ಕಾದರೆ ಪ್ರತಿ ಬಿಂದುವಿನಲ್ಲೂ ಹಿಂದೆ ಆದದ್ದನ್ನೆಲ್ಲ ನೆನಪಿಟ್ಟುಕೊಳ್ಳಬೇಕು. ಬಸ್ ಸ್ಟ್ಯಾಂಡ್ ಹತ್ತಿರದ ತರಬೇತಿ ಕೇಂದ್ರದಲ್ಲಿ ಭಾನುವಾರ ನನಗೆ ಬಿಟ್ಟುಕೊಡುತ್ತಿದ್ದ ಯಂತ್ರಕ್ಕೆ ಅಷ್ಟು ಮೆಮೊರಿ ಇರಲಿಲ್ಲ. ಪ್ರೋಗ್ರಾಂ ಅರ್ಧಕ್ಕೇ ನಿಂತುಬಿಡುತ್ತಿತ್ತು. ನೀರಿನ ನಿಯಮವನ್ನೇ ಹಾಕಿ ಮುಗಿಸಿಬಿಡಿ ಎಂದು ಮಾರ್ಗದರ್ಶಕರು ಕಾಗದ ಬರೆದರು. ನನಗೆ ಮನಸ್ಸು ಒಪ್ಪಲಿಲ್ಲ.

ಆಗ ಸಹೋದ್ಯೋಗಿಯೊಬ್ಬರು ಕೊಟ್ಟೂರಿನಲ್ಲಿದ್ದ ತಮ್ಮ ಗುರುಗಳ ಬಗ್ಗೆ ಹೇಳಿದರು. ಜೂನಿಯರ್ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಎಪ್ಪತ್ತರ ಹತ್ತಿರದ ವಯಸ್ಸು. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಕಂಪ್ಯೂಟರನ್ನು ತಾವು ದೂರದಿಂದಷ್ಟೇ ನೋಡಿದ್ದಾಗಿ ಅವರು ಮೊದಲೇ ತಿಳಿಸಿದರು. ಆಮೇಲೆ ಎಲ್ಲವನ್ನೂ ಬುಡದಿಂದ ಹೇಳಿಸಿದರು. ಹತ್ತು ನಿಮಿಷಕ್ಕೊಮ್ಮೆ ಕೈ ಎತ್ತಿ, “ನಿಲ್ಲು ತಂಗೀ, ಇದು ನನಗ ತಿಳೀಲಿಲ್ಲ” ಎನ್ನುತ್ತಿದ್ದರು. ತಿಳಿಯಲಿಲ್ಲ ಎಂದು ಅಷ್ಟು ಹಗುರವಾಗಿ ಹೇಳಬಲ್ಲ ಮೇಷ್ಟ್ರನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ, ನನಗೇ ಪೂರ್ತಿ ತಿಳಿಯದ ಎರಡು ಕಡೆ ಸಿಕ್ಕಿಬಿದ್ದೆ.

ಮುಂದಿನ ಭಾನುವಾರ ನಾನು ಚಪ್ಪಲಿ ಬಿಡುವುದರೊಳಗೇ ಮಾತು ತೆಗೆದರು.

“ಹಿಂದಿಂದೆಲ್ಲಾ ಯಾಕ ನೆನಪಿಡಬೇಕು? ಬೇಗ ಮರೆಯೋದೊಂದು, ತಡವಾಗಿ ಮರೆಯೋದೊಂದು, ನಡುವಿಂದೊಂದು. ಮೂರು ಮರವು ಇಟ್ಟು ಕೂಡಿಸಿ ನೋಡು. ಒಂದೊಂದಕ್ಕ ಒಂದೊಂದು ಸಂಖ್ಯಿ ಸಾಕಾಗ್ತೈತಿ.”

ನಾನು ಅಂಗಳದಲ್ಲೇ ನಿಂತುಬಿಟ್ಟೆ. ಮೂರು ಬೇರೆ ಬೇರೆ ವೇಗದಲ್ಲಿ ಕುಂದುವ ನೆನಪುಗಳನ್ನು ಕೂಡಿಸಿದರೆ ಮಾಂಸದ ನಿಯಮಕ್ಕೆ ತೀರ ಹತ್ತಿರದ ಗೆರೆ ಬರುತ್ತದೆ. ಮೆಮೊರಿಯ ತೊಂದರೆ ಅಲ್ಲಿಗೇ ತೀರಿತು. ಮೂರಕ್ಕೂ ವೇಗ ಎಷ್ಟು, ಪಾಲು ಎಷ್ಟು ಎಂದು ಕಂಡುಹಿಡಿಯುವುದೊಂದು ಉಳಿದಿತ್ತು. ಅದನ್ನು ಅವರೇ ಹಳೆಯ ಉತ್ತರ ಪತ್ರಿಕೆಗಳ ಹಿಂಬದಿಯಲ್ಲಿ, ಲಾಗರಿದಮ್ ಪುಸ್ತಕ ಹಿಡಿದು, ಇಪ್ಪತ್ತು ದಿನ ಕೂತು ಮಾಡಿದರು. ರೊಟ್ಟಿ ಆರಿಹೋದರೂ ಏಳುವುದಿಲ್ಲ ಎಂದು ಅವರ ಮನೆಯವರು ನನ್ನ ಹತ್ತಿರ ದೂರು ಹೇಳಿದರು. ದೂರಿನಲ್ಲಿ ಹೆಮ್ಮೆಯೂ ಇತ್ತು.

ಆಮೇಲೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹುಡುಕಿದಾಗ, ಹೊರದೇಶದವರೂ ಇಂಥದೇ ದಾರಿ ಹಿಡಿದಿದ್ದು ಕಂಡಿತು. ಮೇಷ್ಟ್ರಿಗೆ ಬೇಸರವಾಗಬಹುದೆಂದು ಅಂಜುತ್ತಲೇ ತಿಳಿಸಿದೆ. ಹಾಗಾದರೆ ನಾವು ದಾರಿ ತಪ್ಪಿಲ್ಲ ಎಂದು ಅವರು ಸಂತೋಷಪಟ್ಟರು.

ಪ್ರೋಗ್ರಾಂ ಮೊದಲ ಸಲ ಕೊನೆಯವರೆಗೂ ಓಡಿತು. ಪ್ರಿಂಟ್ ತೆಗೆದುಕೊಂಡು ಕೊಟ್ಟೂರಿಗೆ ಓಡಿದೆ. ಪ್ರಯೋಗದಲ್ಲಿ ಅಳೆದ ಚುಕ್ಕೆಗಳ ಮೇಲೆ ನಮ್ಮ ಗೆರೆ ಹಾದುಹೋಗಿತ್ತು. ಅವರು ಭೂತಗನ್ನಡಿ ಹಿಡಿದು ನೋಡಿದರು. ಕಂಪನದ ಲೆಕ್ಕದಲ್ಲಿ ಒಂದರಿಂದ ಐದು ಮೆಗಾಹರ್ಟ್ಸ್‌ವರೆಗೆ ಸರಿಯಿತ್ತು. ಅಲ್ಲಿಂದ ಮುಂದೆ ಏನಾಗುತ್ತದೆ ಎಂದು ಕೇಳಿದರು. ನಮಗೆ ಅಷ್ಟೇ ಸಾಕಲ್ಲ ಎಂದೆ. ಅವರು ಬಿಡಲಿಲ್ಲ. ಮರುವಾರ ಮುಂದಿನದನ್ನೂ ಪ್ರಿಂಟ್ ಮಾಡಿ ಒಯ್ದೆ. ಮೇಲೇರಬೇಕಿದ್ದ ಗೆರೆ ಅಲ್ಲಿ ಚಪ್ಪಟೆಯಾಗುತ್ತ ಹೋಗಿತ್ತು.

“ಇಲ್ಲಿಂದ ಆಚಿಗೆ ನಮ್ಮ ಗೆರಿ ಸುಳ್ಳು ಹೇಳ್ತೈತಿ,” ಎಂದರು. “ಅದನ್ನ ನೀನ ಮದ್ಲು ಬರಿ ತಂಗೀ. ಮಂದಿ ಕಂಡುಹಿಡಿಯಾಕ ಬಿಡಬ್ಯಾಡ.”

ಗೆದ್ದ ಖುಷಿಯಲ್ಲಿದ್ದ ನನಗೆ ಅದು ಕಹಿಯಾಯಿತು. ಆದರೂ ಒಂದು ಪುಟ ಬರೆದು ಪ್ರಬಂಧಕ್ಕೆ ಸೇರಿಸಿದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕುಳಿತವರೇ ಆ ಪುಟ ತೆರೆದರು. ಬಹಳ ಜನ ಇಂಥದನ್ನು ಮುಚ್ಚಿಡುತ್ತಾರೆ ಎಂದರು. ಮೂರು ಮರವುಗಳ ಉಪಾಯ ಯಾರದೆಂದು ಕೇಳಿದಾಗ, ಹೇಳಿದೆ.

ಸಂಜೆ ಪೇಢೆಯ ಪೊಟ್ಟಣ ಹಿಡಿದು ಕೊಟ್ಟೂರಿಗೆ ಹೋದೆ. ಪರೀಕ್ಷಕರು ಏನೇನು ಕೇಳಿದರೆಂದು ಮೇಷ್ಟ್ರು ಒಂದೊಂದಾಗಿ ಹೇಳಿಸಿಕೊಂಡರು. ಹೊಗಳಿಕೆಯ ಮಾತು ಬಂದಾಗ ಮುಖ ತಿರುಗಿಸಿ ಪೇಢೆ ಮುರಿದು ಬಾಯಿಗೆ ಹಾಕಿಕೊಂಡರು. ಕೈ ಒರೆಸಿಕೊಂಡು ಕೇಳಿದರು:

“ಮಾಂಸದ್ದಾತು. ಎಲುಬಿನಾಗ ಹೆಂಗೈತಿ ಈ ನಿಯಮ?”

ನನಗೆ ಗೊತ್ತಿಲ್ಲ ಎಂದೆ. ಆ ಮಾತು ಈ ಸಲ ಹಗುರವಾಗಿಯೇ ಬಂತು.